ಲೈಟ್ ಸಣ್ಣಗಾದಾಗ

ನಿಜಾಮರ ಆಳ್ವಿಕೆ ಹೋಗಿ, ಉದಗೀರಕ್ಕೆ ಕರೆಂಟು ಬಂದ ಹೊಸತು. ಸಂಜೆ ನಿಲಂಗಾದ ಬಸ್ಸಿಗೆ ಕಾಯುತ್ತಿದ್ದ ಮಹಾಂತಯ್ಯನವರ ಪಕ್ಕದಲ್ಲಿ ತಾಯಿ ಮಗಳು ಕೂತಿದ್ದರು. ತಾಯಿಯ ಕೈಯಲ್ಲಿ ಗಂಟು, ಅವಳನ್ನು ಬಸ್ಸು ಹತ್ತಿಸಲು ಬಂದ ಮಗಳ ಮಡಿಲಲ್ಲಿ ಕೂಸು. ಅಯ್ಯನವರು ಜಪಕ್ಕೆ ಕಣ್ಣು ಮುಚ್ಚಿದ್ದರೂ ಕಿವಿ ಅತ್ತಲೇ ಇತ್ತು.

“ಪಂಚಮಿ ಬಂತು, ನೀನೂ ನಡಿ ಚಂದ್ರಭಾಗಾ. ನಿನ್ನ ಗಂಡಗ ಆ ಪಾವರ್ ಹೌಸೇ ಮನಿ ಆಗ್ಯಾದ.”

“ಊರಿಗೆಲ್ಲಾ ಲೈಟ್ ಬೇಕಲ್ಲವ್ವಾ.”

“ಮತ್ತ ನಿನಗ?”

“ನನಗ ಖಬರ್ ಕೊಟ್ಟೇ ಬರ್ತಾರ. ಮನಿಗಿ ಹೊಂಡೋ ಮುಂದ ಸಣ್ಣ ಎಂಜಿನ್ ಚಾಲೂ ಮಾಡಿ ದೊಡ್ಡದು ಬಂದ್ ಮಾಡ್ತಾರ. ಆಗ ಊರಾಗಿನ ಲೈಟೆಲ್ಲಾ ಒಮ್ಮೆ ಸಣ್ಣಗಾಗ್ತಾವ. ನಾ ಹಂಚು ಇಡ್ತೀನಿ. ರೊಟ್ಟಿ ಉಬ್ಬೋದ್ರಾಗ ಬಾಗಿಲಾಗ ಇರ್ತಾರ.”

“ಉಂಡು ಮಲಗ್ತಾನ.”

“ಇಲ್ಲವ್ವಾ. ಕೂಸಿನ್ನ ಎತ್ಕೊಂಡ್ರ ಅದಕ್ಕ ನಿದ್ದಿ ಹತ್ತೋತನಕ ಇಳಸಂಗಿಲ್ಲ.”

ಬಸ್ಸು ಬಂದು ನಿಂತಿತು. ಅಷ್ಟರಲ್ಲಿ ಚಹಾದಂಗಡಿಯ ಬಲ್ಬು ಮಂಕಾಗಿ, ಮತ್ತೆ ಬೆಳಗಿತು.

ತಾಯಿ ಗಂಟನ್ನು ಕಂಕುಳಿಗೇರಿಸಿ ಬಸ್ಸಿಗೆ ಬೆನ್ನು ಮಾಡಿದಳು.

“ಏಳ್ ಏಳ್, ಅಳಿಯ ಹೊಂಟಾನ. ಹಂಚು ಇನ್ನಾ ಇಟ್ಟಿಲ್ಲ,” ಎನ್ನುತ್ತ ಮಗಳಿಗಿಂತ ಮುಂದೆ ಮನೆಯ ದಾರಿ ಹಿಡಿದಳು.