ಗುಂಡಿ ಅಕ್ಕನದು, ನೀರು ಹನುಮಣ್ಣನಿಗೆ

ಜಗಳೂರು ಬಸ್ ನಿಲ್ದಾಣದಲ್ಲಿ ಕೂತಿದ್ದ ಚೈತ್ರಶ್ರೀಗೆ ಕೈಯಲ್ಲಿದ್ದ ಫೋನಿಗಿಂತ ಪಕ್ಕದ ಬೆಂಚಿನ ಮಾತೇ ರುಚಿಸಿತು. ವಯಸ್ಸಾದ ಗಾದ್ರಮ್ಮ ತಮ್ಮೂರಿನ ಹನುಮಣ್ಣನನ್ನು ವಿಚಾರಿಸುತ್ತಿದ್ದಳು.

“ನಿಮ್ಮನೇಲಿ ಈಗ ತೊಗರಿಬೇಳೆ ಬೇಗ ಬೇಯ್ತೈತಂತೆ?”

“ಹೌದಕ್ಕ. ಮೊದ್ಲು ಬೋರಿನ ನೀರು ಸವಳು, ಎಷ್ಟು ಕುದಿಸಿದ್ರೂ ಬೇಳೆ ಕಲ್ಲಿನಂಗೆ ಇರ್ತಿತ್ತು. ಈ ಮಳೆ ಆದ್ಮೇಲೆ ನೀರು ಸಿಹಿ ಆಗೈತೆ. ಹೆಂಗೆ ಅಂತ ಗೊತ್ತಾಗ್ತಿಲ್ಲ.”

“ನಂಗೆ ಗೊತ್ತಾತು. ಬತ್ತಿದ ನನ್ನ ಬೋರಿನ ಸುತ್ತ ಗುಂಡಿ ತೋಡಿ, ಜಲ್ಲಿ ತುಂಬಿ ಮಳೆನೀರು ಇಂಗಿಸಿದೆ. ನನ್ನ ಬೋರು ಇವತ್ತಿಗೂ ಒಣಗೇ ಐತೆ.”

“ಅಂದ್ರೆ ಆ ನೀರು?”

“ಒಳಗೊಳಗೇ ನಿನ್ನ ಕಡೆ ಹೋಗೈತೆ. ನಿನ್ನ ಹೊಲ ತಗ್ಗಲ್ವಾ?”

ಹನುಮಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. “ಗುಂಡಿ ಮುಚ್ತೀಯೇನಕ್ಕ?”

“ಮುಚ್ಚಾಕೆ ಇಷ್ಟು ಕೇಳಿದ್ನಾ? ಎಲ್ಲಿ ತೋಡಿದ್ರೆ ನನ್ನ ಬೋರಿಗೆ ಬರ್ತೈತೆ, ಅದು ಹೇಳು.”

“ನಿನ್ನ ಮೇಲಿನ ಹೊಲದಾಗೆ. ಅದು ಮಾರುತೇಶಂದು.”

“ನನಗೋಸ್ಕರ ಅವ್ನು ತೋಡ್ತಾನಾ?”

“ಜಾಗ ಬಿಟ್ರೆ ಸಾಕು, ನಾನು ತೋಡ್ತೀನಿ.”

ಬಸ್ಸು ಬಂತು. ಇಬ್ಬರೂ ಹತ್ತದೆ, ಎದುರಿನ ‘ಮಾರುತೇಶ್ ಟೈಲರ್’ ಬೋರ್ಡಿನತ್ತ ನಡೆದರು. ಗಾದ್ರಮ್ಮನ ದನಿ ಮಾತ್ರ ಚೈತ್ರಶ್ರೀಗೆ ಇನ್ನೂ ಕೇಳುತ್ತಿತ್ತು.

“ಅವ್ನ ಬೋರೂ ಬತ್ತೈತೆ, ಹನುಮಣ್ಣ. ಅವ್ನ ಮೇಲಿನ ಹೊಲ ಯಾರ್ದು ಅಂತ ಈಗ್ಲೇ ಕೇಳಿಬಿಡಾಣ.”