ತಿಥಿಯ ದಿನಕ್ಕಾಗಿ ಒತ್ತಿದ ಗುಂಡಿ

2009ರ ನವೆಂಬರ್. ಪರದೇಶದ ಆ ಊರಿನ ನಿರುದ್ಯೋಗ ಭತ್ಯೆಯ ಕಚೇರಿಯಲ್ಲಿ ಟೋಕನ್ ಹಿಡಿದು ಕೂತಿದ್ದ ವಿಭಾಳಿಗೆ ಬೆನ್ನ ಹಿಂದಿನ ಸಾಲಿನಿಂದ ಮೈಸೂರು ಕನ್ನಡ ಕೇಳಿಸಿತು. ವಯಸ್ಸಾದ ಗಂಡ ಹೆಂಡತಿಯ ದನಿ. ತಿರುಗಿದರೆ ಮಾತು ನಿಂತುಹೋದೀತೆಂದು ಅವಳು ತಿರುಗಲಿಲ್ಲ.

“ಭತ್ಯೆಗೆ ಫೋನ್ ಮಾಡಿದಾಗ ಆ ಮೆಷಿನ್ ಏನು ಕೇಳ್ತು, ಸರಿಯಾಗಿ ಹೇಳಿ.”

“ಹೋದ ಎರಡು ವಾರದಲ್ಲಿ ಎಲ್ಲಾ ದಿನಾನೂ ಕೆಲಸಕ್ಕೆ ಬರೋಕೆ ರೆಡಿ ಇದ್ರಾ ಅಂತ. ಇಲ್ಲ ಅಂತ ಒತ್ತಿದೆ.”

“ಯಾಕ್ರೀ?”

“ಗುರುವಾರ ಅಮ್ಮನ ತಿಥಿ ಇತ್ತಲ್ವೇನೆ ವಸುಧಾ? ಅವತ್ತು ಯಾರು ಕರೆದಿದ್ರೂ ನಾನು ಹೋಗ್ತಿರ್ಲಿಲ್ಲ.”

“ಕರೆಯೋಕೆ ಯಾರಿದ್ರು? ಎಂಟು ತಿಂಗಳಿಂದ ಒಬ್ಬರಾದ್ರೂ ಕರೆದಿದಾರಾ?”

ಕಾಗದ ಬಿಚ್ಚಿದ ಸದ್ದಾಯಿತು. ಮತ್ತೆ ಹೆಂಡತಿಯ ದನಿ:

“ಈಗ ಭತ್ಯೆನೇ ಪೂರ್ತಿ ನಿಲ್ಲಿಸಿಬಿಟ್ಟಿದಾರೆ. ಕೈತಪ್ಪಿ ಒತ್ತಿದೆ ಅಂದ್ಬಿಡಿ, ನಿಮ್ಮ ದಮ್ಮಯ್ಯ.”

“ಅಮ್ಮನ ತಿಥಿ ವಿಷಯಕ್ಕೆ ಸುಳ್ಳು ಹೇಳ್ಲಾ?”

“ತಿಥಿ ಮಾಡಿದ್ದು ನಿಜ ತಾನೇ? ಅದು ಅತ್ತೆಗೆ ಗೊತ್ತು. ಈ ಆಫೀಸಿನವರಿಗೆ ಯಾಕೆ ಹೇಳ್ಬೇಕು?”

ಅಷ್ಟರಲ್ಲಿ ಅವರ ನಂಬರ್ ಕರೆದರು. ಗಂಡ ಕೌಂಟರಿಗೆ ಹೋಗಿ, ಬಗ್ಗಿ, ಕೈತಪ್ಪಿ ಒತ್ತಿಬಿಟ್ಟೆ ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದ್ದು ಮುಂದಿನ ಸಾಲಿನಲ್ಲಿದ್ದ ವಿಭಾಳಿಗೂ ಕೇಳಿಸಿತು. ಗುಮಾಸ್ತೆ ಸಮಾಧಾನವಾಗಿಯೇ ಕೇಳಿಸಿಕೊಂಡಳು. ಇಲ್ಲಿ ಏನು ಹೇಳಿದರೂ ಒಂದೇ, ಭತ್ಯೆ ನಿಲ್ಲಿಸಿದ್ದರ ವಿಚಾರಣೆ ಜನವರಿಯಲ್ಲಿ, ಹೇಳುವುದಿದ್ದರೆ ಅಲ್ಲಿ ಹೇಳಿ ಎಂದಳು.

ಬಾಗಿಲಿಗೆ ಹೋಗುತ್ತಾ ಅವರಿಬ್ಬರೂ ವಿಭಾಳ ಪಕ್ಕದಲ್ಲೇ ಹಾದುಹೋದರು. ವಸುಧಾ ಗಂಡನ ಕೋಟಿನ ಗುಂಡಿ ಹಾಕಲು ಕೈ ಚಾಚಿದರು. ಗಂಡ ಆ ಕೈಯನ್ನು ಮೆಲ್ಲಗೆ ಸರಿಸಿದರು.

“ಸುಳ್ಳೂ ಹೇಳಿದ್ದಾಯ್ತು. ನಡಿ.”