ಹಸಿವು ಬೇಡಿ ಒಲೆ ಆರಿಸಿದವರು

ಪ್ರಿಯರೇ, ಈಗ ತಾನೇ ಗಟ್ಟಿಯಾಗಿ ಆಮೆನ್ ಅಂದಿರಿ. ಸಂತೋಷ. ಆದರೆ ಆ ಆಮೆನ್ ನಿಮ್ಮ ಅಡುಗೆಮನೆಯವರೆಗೆ ಬರುತ್ತದೋ, ಇಲ್ಲ ಚರ್ಚಿನ ಮೆಟ್ಟಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ಬೇರೆ ದಾರಿ ಹಿಡಿಯುತ್ತದೋ? ಒಂದು ಕಥೆ ಹೇಳುತ್ತೇನೆ. ಹಿಂದಿನ ಬೆಂಚಿನವರೂ ಕೇಳಿ.

ಸಮುದ್ರದ ಪಕ್ಕದ ಒಂದು ಊರು. ಅಲ್ಲಿ ಹಂಚಿನ ಕಾರ್ಖಾನೆಯ ಒಬ್ಬ ಧಣಿ, ಸಭೆಗೂ ಹಿರಿಯ. ಯಾವ ಕೆಲಸವೂ ಕೊನೆಗಳಿಗೆಯಲ್ಲಿ ಆಗಬಾರದು ಅನ್ನುವ ಮನುಷ್ಯ. ಅವನಿಗೆ ಒಬ್ಬಳೇ ಮಗಳು. ಆ ಮಗಳಿಗೆ ಜ್ವರ ಬಂತು. ಎಂಥ ಜ್ವರ! ಹುಡುಗಿ ಹಾಸಿಗೆ ಹಿಡಿದಳು, ಅನ್ನ ಬಿಟ್ಟಳು, ಮಾತೂ ಬಿಟ್ಟಳು. ಡಾಕ್ಟರು ಮಾಡುವುದೆಲ್ಲ ಮಾಡಿ ಕೊನೆಗೆ ಅಂದರು: "ನನ್ನ ಕೈಯಲ್ಲಿ ಆಗುವುದು ಇಷ್ಟೇ. ಇನ್ನು ಅವಳಾಗಿ ಬಾಯಿಬಿಟ್ಟು ಹಸಿವು ಅಂದರೆ ಬದುಕಿದಳು ಅಂತ ತಿಳ್ಕೊಳ್ಳಿ. ಆಗ ತಡ ಮಾಡಬೇಡಿ, ಕೂಡಲೇ ಗಂಜಿ ಕೊಡಿ."

ಧಣಿ ಏನು ಮಾಡಿದ? ಉಪವಾಸ ಪ್ರಾರ್ಥನೆ ಇಡಿಸಿದ. ಒಳ್ಳೆಯದೇ ಅಲ್ಲವೇ? ಒಳ್ಳೆಯದೇ. ಮನೆಯಲ್ಲಿ ಯಾರೂ ಒಲೆ ಹಚ್ಚಬಾರದು, ಕಾಫಿಗೂ ನೀರಿಡಬಾರದು ಎಂದು ಅಪ್ಪಣೆ ಮಾಡಿದ. ಉರಿಯುತ್ತಿದ್ದ ಒಲೆಗೆ ಹೆಂಡತಿ ಚೆಂಬು ನೀರು ಸುರಿದಳು. ಸಭೆಯವರೆಲ್ಲ ಚಾವಡಿಯಲ್ಲಿ ಮೊಣಕಾಲೂರಿದರು. ಏನೆಂದು ಬೇಡಿದರು ಗೊತ್ತೇ? "ಕರ್ತನೇ, ಆ ಮಗುವಿಗೆ ಹಸಿವು ಕೊಡು! ಯೇಸಪ್ಪಾ, ಹಸಿವು ಕೊಡು!" ನೋಡಿ, ಇಲ್ಲಿ ಮುಂದಿನ ಬೆಂಚಿನಲ್ಲಿ ನಮ್ಮ ಸಲೋಮಿಯಮ್ಮ ತಲೆ ಅಲ್ಲಾಡಿಸುತ್ತಿದ್ದಾರೆ. ಅವರಿಗೆ ತಿಳಿಯಿತು. ಬೇಡುವುದು ಹಸಿವನ್ನು, ಆರಿಸುವುದು ಒಲೆಯನ್ನು!

ಇಷ್ಟಕ್ಕೇ ಮುಗಿಯಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದ್ದಾಗ ಧಣಿ ಮೆಲ್ಲನೆ ಎದ್ದ. ಹಿಂದಿನ ಬಾಗಿಲಲ್ಲಿ ಬಡಗಿ ಕಾದಿದ್ದ. ಹಿಂದಿನ ಜಗಲಿಯಲ್ಲಿ ತೇಗದ ಹಲಗೆಗಳು ಬಂದು ಬಿದ್ದಿದ್ದವು. ಯಾತಕ್ಕೆ? ಮಗಳ ಶವಪೆಟ್ಟಿಗೆಗೆ! ಅವನು ಕೆಟ್ಟವನಲ್ಲ, ಪ್ರಿಯರೇ. ಮಗಳೆಂದರೆ ಜೀವ. ಗಡಿಬಿಡಿಯಲ್ಲಿ ಹೊಡೆದ ಮಾವಿನ ಹಲಗೆಯ ಪೆಟ್ಟಿಗೆಯಲ್ಲಿ ಅವಳು ಮಣ್ಣಿಗೆ ಹೋಗಬಾರದು ಎಂಬುದೂ ಪ್ರೀತಿಯೇ. ಬಡಗಿ ಹಾಸಿಗೆಯ ಪಕ್ಕ ಬಗ್ಗಿ, ನೆತ್ತಿಯಿಂದ ಪಾದದವರೆಗೆ ದಾರ ಹಿಡಿದು ಅಳೆಯತೊಡಗಿದ. ಚಾವಡಿಯಿಂದ "ಕೊಡು ಕರ್ತನೇ" ಎಂಬ ಗೋಳು ಕೇಳುತ್ತಿತ್ತು. ಆಗ ಹುಡುಗಿ ಕಣ್ಣು ಬಿಟ್ಟಳು. ದಾರವನ್ನು ನೋಡಿದಳು. ಅಪ್ಪನನ್ನು ನೋಡಿದಳು.

"ಪಪ್ಪಾ, ಹಸಿವಾಗ್ತದೆ. ಗಂಜಿ ಉಂಟಾ?"

ಬಡಗಿಯ ಕೈಯಿಂದ ದಾರ ಬಿತ್ತು. ಚಾವಡಿಯ ಪ್ರಾರ್ಥನೆ ನಿಂತೇ ಹೋಯಿತು. ಬೇಡಿದ್ದೇ ಬಂದಿತ್ತಲ್ಲ! ಬೇಡಿದವರೇ ಭೂತ ಕಂಡವರ ಹಾಗೆ ಬೆಚ್ಚಿಬಿದ್ದರು. ಒಬ್ಬರ ಬಾಯಲ್ಲೂ ಸ್ತೋತ್ರ ಬರಲಿಲ್ಲ. ಮತ್ತೆ ಆ ತಂದೆ? ಆ ತಂದೆಯ ಬಾಯಿಂದ ಮೊದಲು ಬಂದ ಮಾತು ಕೇಳಿ.

"ಸ್ವಲ್ಪ ತಡಿ ಮಗಾ. ಇವತ್ತು ಉಪವಾಸ ಅಲ್ವಾ?"

ಯಾರಿಗಾಗಿ ಉಪವಾಸ? ಅವಳಿಗಾಗಿಯೇ ಅಲ್ಲವೇ?

ತಾಯಿ ಅಡುಗೆಮನೆಗೆ ಓಡಿದಳು. ಒಲೆಯಲ್ಲಿ ಒದ್ದೆ ಬೂದಿ. "ಇವ್ರೇ, ಒಂದು ಕೆಂಡ ಇಲ್ಲ! ನಾನೇ ನೀರು ಹೊಯ್ದದ್ದಲ್ಲಾ!" ಎಂದು ಅರಚಿದಳು. ಆ ಅರಚಾಟಕ್ಕೆ ಧಣಿಯ ಕಣ್ಣು ತೆರೆಯಿತು. ಕೊಟ್ಟಿಗೆಯ ತುಂಬ ಒಣ ಸೌದೆ ಇತ್ತು, ನೋಡಿ. ಅವನು ಅಲ್ಲಿಗೆ ಹೋಗಲಿಲ್ಲ. ಜಗಲಿಗೆ ಹೋದ.

"ಆಚಾರ್ರೇ, ಬಾಚಿ ಕೊಡಿ."

"ಧಣೀ, ಅದು ತೇಗ! ಒಳ್ಳೇ ಹಲಗೆ!"

"ಗೊತ್ತುಂಟು. ಕೊಡಿ."

ಸೀಳಿದ. ಅಳುತ್ತ ಅಳುತ್ತ ಸೀಳಿದ. ಮಗಳ ಪೆಟ್ಟಿಗೆಯ ಹಲಗೆಯಲ್ಲಿ ಮಗಳ ಗಂಜಿ ಬೆಂದಿತು. ಉಂಡಳು, ಬದುಕಿದಳು. ಬದುಕದೇ ಹೋಗಿದ್ದರೆ? ಅದೂ ಆಗುತ್ತದೆ, ಸುಳ್ಳು ಹೇಳಲಾರೆ; ಮಕ್ಕಳನ್ನು ಮಣ್ಣಿಗೆ ಕೊಟ್ಟವರು ಈ ಸಭೆಯಲ್ಲೇ ಇದ್ದೀರಿ. ಆದರೆ ಆಗಲೂ ಆ ಮಗು ಹಸಿದ ಹೊಟ್ಟೆಯಲ್ಲಿ ಹೋಗುತ್ತಿರಲಿಲ್ಲ.

ಬೈಬಲಿನಲ್ಲಿ ಓದಿದ್ದೀರಿ: ಸತ್ತಳೆಂದು ಜನ ಗೋಳಾಡುತ್ತಿದ್ದ ಮನೆಯೊಳಗೆ ಯೇಸು ಹೋದನು, ಒಬ್ಬ ಹುಡುಗಿಯ ಕೈಹಿಡಿದು ಎಬ್ಬಿಸಿದನು. ಎಬ್ಬಿಸಿ ಏನಂದನು? ಕೀರ್ತನೆ ಹಾಡಿ ಅಂದನೇ? ಇವಳಿಗೆ ತಿನ್ನಲು ಏನಾದರೂ ಕೊಡಿ ಅಂದನು. ಎಬ್ಬಿಸುವುದು ಅವನ ಕೆಲಸ. ಗಂಜಿ ನಮ್ಮ ಕೆಲಸ. ಆಸೆ ನಮಗೆಲ್ಲ ಉಂಟು, ಕಣ್ಣೀರೂ ಉಂಟು. ಆದರೆ ಅವನು ಕೊಡುತ್ತಾನೆಂದು ಪಾತ್ರೆ ತೊಳೆದಿಟ್ಟವರು ಎಷ್ಟು ಮಂದಿ?

ಮುನಿದುಹೋದ ತಮ್ಮನ ಮನಸ್ಸು ತಿರುಗಲಿ ಎಂದು ಬೇಡುವ ಅಣ್ಣಾ, ಅವನು ಇವತ್ತೇ ಬಂದರೆ ಬಾಗಿಲು ತೆರೆಯುತ್ತೀಯಾ? ಒಬ್ಬ ಕುಡುಕನಿಗಾಗಿ ಇಲ್ಲೇ ಎಷ್ಟು ಪ್ರಾರ್ಥನೆ ಮಾಡಿದೆವು! ಅವನು ಮಿಂದು, ಬಿಳಿ ಅಂಗಿ ತೊಟ್ಟು ಆರಾಧನೆಗೆ ಬಂದ ದಿನ, ಪಕ್ಕದವರ ಕಿವಿಯಲ್ಲಿ "ನಾಯಿ ಬಾಲ ಡೊಂಕೇ" ಅಂದವರು ಯಾರು? ನಾವೇ. ಬದುಕಿದವನ ಮೈಮೇಲೆ ದಾರ ಹಿಡಿದು ಅಳೆದವರು ನಾವೇ!

ಇವತ್ತು ಮನೆಗೆ ಹೋಗಿ, ಮೊಣಕಾಲೂರುವ ಮೊದಲು ಹಿಂದಿನ ಜಗಲಿ ನೋಡಿ. ಯಾರ ಪೆಟ್ಟಿಗೆಗೆ ಹಲಗೆ ತಂದಿಟ್ಟಿದ್ದೀರಿ? ಸೀಳಿ ಅದನ್ನು. ಅಣ್ಣಾ, ತಮ್ಮನಿಗೆ ಫೋನು ನೀನೇ ಮಾಡು. ಕುಡಿತ ಬಿಟ್ಟು ಬಂದ ಆ ಮನುಷ್ಯನನ್ನು ಮುಂದಿನ ಭಾನುವಾರ ನಿಮ್ಮ ಬೆಂಚಿನಲ್ಲೇ ಕೂರಿಸಿಕೊಳ್ಳಿ. ಮೊದಲು ಗಂಜಿಗೆ ನೀರಿಡಿ, ಆಮೇಲೆ ಕಣ್ಣು ಮುಚ್ಚಿ ಬೇಡಿ.